ಮುಹೂರ್ತ ಇಲ್ಲದ ದಿನ

ನನ್ನ ಅಂಗಡಿಯ ಗೋಡೆಯ ಮೇಲೆ ಎರಡೇ ವಸ್ತು ತೂಗುತ್ತವೆ. ಒಂದು, ಮರದ ಚೌಕಟ್ಟಿನ ಹಳೇ ಶಟಲ್ ಬ್ಯಾಟ್. ಇನ್ನೊಂದು, ಒಂಟಿಕೊಪ್ಪಲ್ ಪಂಚಾಂಗ. ಬ್ಯಾಟನ್ನು ಬಂದವರೆಲ್ಲ ಮುಟ್ಟಿ, ಎತ್ತಿ, ಇಷ್ಟು ಭಾರವೇ ಎನ್ನುತ್ತಾರೆ. ಪಂಚಾಂಗ ಕಂಡವರು, ಬ್ಯಾಟಿಗೆ ಎಳೆ ಬಿಗಿದು ಗಟ್ಟಿಂಗ್ ಮಾಡುವವನಿಗೆ ಇದೇಕೆ ಎಂದು ಕೇಳುತ್ತಾರೆ. ನಾನು ಶಟಲ್ ಕಲಿತದ್ದೇ ಪಂಚಾಂಗ ನೋಡಿಕೊಂಡು.

ನಮ್ಮ ಮನೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿತ್ತು. ಎರಡು ರಸ್ತೆ ದಾಟಿದರೆ ಒಂದು ಮದುವೆ ಹಾಲ್. ಅದರ ನೆಲಕ್ಕೆ ಬಿಳಿ ಗೆರೆ ಎಳೆದು, ಎರಡು ಕಂಬ ನಿಲ್ಲಿಸಿ, ಸಂಜೆ ಹೊತ್ತು ಶಟಲ್ ಆಡಲು ಬಿಡುತ್ತಿದ್ದರು. ಮದುವೆ, ಮುಂಜಿ, ಸೀಮಂತ, ಆರತಕ್ಷತೆ ಯಾವುದೂ ಇಲ್ಲದಿದ್ದರೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಸ್ಕೂಲಿಗೆ ರಜ, ದಿನವಿಡೀ ಬಿಡುವು. ಆದರೆ ವೈಶಾಖ ಬಂತೆಂದರೆ ಹಾಲಿನ ಮುಂದೆ ಬಾಳೆಕಂಬ ಇಳಿಯುತ್ತಲೇ ಇರಲಿಲ್ಲ. ಹಾಲ್ ಖಾಲಿ ಸಿಗುತ್ತಿದ್ದುದು ಆಷಾಢದಲ್ಲಿ. ಅಷ್ಟು ಹೊತ್ತಿಗೆ ಸ್ಕೂಲು ಶುರುವಾಗಿ, ಮಳೆ ಹಿಡಿದು, ಹೋಂವರ್ಕಿನ ಗುಡ್ಡೆ ಬಿದ್ದಿರುತ್ತಿತ್ತು. ಆದರೂ ಓಡುತ್ತಿದ್ದೆವು. ಆಮೇಲೆ ಪಿತೃಪಕ್ಷದ ಹದಿನೈದು ದಿನ, ಧನುರ್ಮಾಸದ ಒಂದು ತಿಂಗಳು. ಊರಿಗೆಲ್ಲ ಆಗಿಬರದ ದಿನಗಳೇ ನಮಗೆ ಹಬ್ಬ. ಅಮ್ಮ ಪಂಚಾಂಗದಲ್ಲಿ ಏಕಾದಶಿ ಹುಡುಕುತ್ತಿದ್ದರೆ ನಾನು ಅವಳ ಹೆಗಲ ಮೇಲಿಂದ ಬಗ್ಗಿ ಮುಹೂರ್ತ ಇಲ್ಲದ ದಿನ ಹುಡುಕುತ್ತಿದ್ದೆ.

ಹಿಂದಿನ ದಿನ ಮದುವೆ ಆಗಿದ್ದರೆ ಕೋರ್ಟ್ ಗುಡಿಸುವುದು ಚಿಕ್ಕವರ ಕೆಲಸ. ಅಕ್ಷತೆ ಬಹಳ ಕೆಟ್ಟದ್ದು. ಒಂದು ಕಾಳು ಕಾಲಡಿಗೆ ಸಿಕ್ಕರೂ ಜಾರುತ್ತದೆ. ಪೊರಕೆಯಲ್ಲಿ ಮೂರು ಸಲ ಎಳೆದರೂ ಕಂಬದ ಬುಡದಲ್ಲಿ, ಗೋಡೆಯ ಸಂದಿಯಲ್ಲಿ ಹಳದಿ ಅಕ್ಕಿ ಉಳಿದೇ ಇರುತ್ತಿತ್ತು. ಮಂಡಿಯೂರಿ ಬೆರಳಲ್ಲಿ ಆರಿಸುತ್ತಿದ್ದೆವು. ನೆಲಕ್ಕೆ ಅಂಟಿದ ಕುಂಕುಮ, ತುಳಿದ ಸೇವಂತಿಗೆ ಎಸಳು, ಎಣ್ಣೆಯ ಜಿಡ್ಡು ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದ ಮೇಲೆ ನೆಟ್ ಕಟ್ಟುವುದು. ಅಷ್ಟರಲ್ಲಿ ದೊಡ್ಡವರು ಆಫೀಸು ಮುಗಿಸಿ ಬರುತ್ತಿದ್ದರು. ಇರುವುದು ಒಂದೇ ಕೋರ್ಟ್. ಅವರ ಆಟ ಮುಗಿದ ಮೇಲೆ ನಮ್ಮ ಸರದಿ. ಒಂದು ಗಂಟೆ ಗುಡಿಸಿ, ಎರಡು ಗಂಟೆ ಕೂತು ನೋಡಿ, ಕಾಲು ಗಂಟೆ ಆಡಿ ಮನೆಗೆ ಹೋದ ದಿನಗಳು ನನಗೆ ಲೆಕ್ಕವಿಲ್ಲದಷ್ಟಿವೆ.

ಇದನ್ನು ಇಷ್ಟು ಉದ್ದಕ್ಕೆ ಹೇಳುವುದಕ್ಕೆ ಕಾರಣ ಇದೆ. ನನಗಿಂತ ಹತ್ತು ಹನ್ನೊಂದು ವರ್ಷ ಮುಂಚೆ, ಇದೇ ಊರಿನ ಮಲ್ಲೇಶ್ವರದಲ್ಲಿ ಇಂಥದ್ದೇ ಮದುವೆ ಹಾಲಿನಲ್ಲಿ, ಹೀಗೇ ಕಾದು ಕಾದು ಒಬ್ಬ ಹುಡುಗ ಶಟಲ್ ಕಲಿತ. ಆ ಹಾಲ್ ಕೆನರಾ ಯೂನಿಯನ್. ಆ ಹುಡುಗ ಪ್ರಕಾಶ್ ಪಡುಕೋಣೆ.

ಅವರ ಬ್ಯಾಟಿಗೆ ನಾನು ಯಾವತ್ತೂ ಗಟ್ ಹಾಕಿದವನಲ್ಲ, ಅವರನ್ನು ಹತ್ತಿರದಿಂದ ಬಲ್ಲವನೂ ಅಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಗಳನ್ನೇ ಗಟ್ಟಿಂಗ್ ಮಾಡುವವನ ಕಣ್ಣಿನಿಂದ ನೋಡಿ ಬರೆಯುತ್ತಿದ್ದೇನೆ. ಪಡುಕೋಣೆ ಅನ್ನುವುದು ಕುಂದಾಪುರದ ಹತ್ತಿರ, ಮರವಂತೆಯ ಕಡೆಯ ಊರು. ಪ್ರಕಾಶ್ ಹುಟ್ಟಿದ್ದು 1955ರ ಜೂನ್ 10ರಂದು. ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಅಸೋಸಿಯೇಷನ್ನಿಗಾಗಿ ವರ್ಷಗಟ್ಟಲೆ ದುಡಿದವರು. ಆಟ ಎಂದರೆ ಆಡುವವರಷ್ಟೇ ಅಲ್ಲವಲ್ಲ. ಹಾಲಿನವರನ್ನು ಕೇಳಿಕೊಳ್ಳುವವರು, ಕಾಕ್ ಡಬ್ಬ ತರಿಸುವವರು, ಪಂದ್ಯದ ಪಟ್ಟಿ ಬರೆಯುವವರು ಬೇಕು. ಅಂಥವರು ಮನೆಯಲ್ಲೇ ಇದ್ದದ್ದು ಪ್ರಕಾಶರ ಪುಣ್ಯ. ಇದನ್ನು ಬಿಟ್ಟು ಬರೀ ಅವರ ಪರಿಶ್ರಮವನ್ನು ಹೊಗಳಿದರೆ ಆ ತಂದೆಗೆ ಅನ್ಯಾಯ ಮಾಡಿದಂತೆ.

2016ರಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿ ಸಮಾರಂಭದ ವೇದಿಕೆಯ ಮೇಲೆ ದೀಪಿಕಾ ಪಡುಕೋಣೆ ತಮ್ಮ ಅಪ್ಪ ಬರೆದಿದ್ದ ಪತ್ರವೊಂದನ್ನು ಓದಿದರು. ಓದುತ್ತ ಓದುತ್ತ ಅತ್ತರು. ಅದರಲ್ಲಿ ಆ ಹಾಲಿನ ಮಾತು ಬರುತ್ತದೆ. ಇವತ್ತು ಅಲ್ಲಿ ಕಾರ್ಯಕ್ರಮ ಇದೆಯೋ ಇಲ್ಲವೋ ಎಂದು ದಿನಾ ಕಾಯುತ್ತಿದ್ದುದು, ಇಲ್ಲದಿದ್ದರೆ ಸ್ಕೂಲು ಬಿಟ್ಟವರೇ ಓಡುತ್ತಿದ್ದುದು. ಟೀವಿ ಮುಂದೆ ಕೂತಿದ್ದ ನನ್ನ ಹೆಂಡತಿ ನನ್ನ ಕಡೆ ತಿರುಗಿ, ಇದು ನಿಮ್ಮ ಕಥೆಯೇ ಅಲ್ಲವೇ ಎಂದಳು. ಕಾದದ್ದರ ಮಟ್ಟಿಗೆ ಹೌದು.

ಏಳು ವರ್ಷದ ಪ್ರಕಾಶ್ 1962ರಲ್ಲಿ ರಾಜ್ಯ ಜೂನಿಯರ್ ಪಂದ್ಯಾವಳಿ ಆಡಿ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷದ ಮೇಲೆ ಅದೇ ಪಟ್ಟ ಗೆದ್ದರು. 1971ರಲ್ಲಿ, ಅದುವರೆಗೆ ಕೈಗೆ ಕೂತಿದ್ದ ಆಟದ ಧಾಟಿಯನ್ನು ಬದಲಿಸಿ ಮುನ್ನುಗ್ಗಿ ಹೊಡೆಯುವ ಆಟ ರೂಢಿಸಿಕೊಂಡರು. ಅವರ ಆದರ್ಶ ಇಂಡೋನೇಷ್ಯಾದ ರೂಡಿ ಹಾರ್ಟೊನೊ. ಆಲ್ ಇಂಗ್ಲೆಂಡ್ ಪಟ್ಟವನ್ನು ಎಂಟು ಸಲ ಗೆದ್ದ ಮಹಾ ಆಟಗಾರ. ಚೆನ್ನಾಗಿಯೇ ನಡೆಯುತ್ತಿದ್ದ ಆಟವನ್ನು ಬಿಚ್ಚಿ ಮತ್ತೆ ಕಟ್ಟುವುದು ಸುಮ್ಮನೆ ಬರುವ ಧೈರ್ಯವಲ್ಲ. ನನ್ನ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ವರ್ಷವೇ ಹದಿನಾರರ ಹುಡುಗ ರಾಷ್ಟ್ರೀಯ ಜೂನಿಯರ್ ಪಟ್ಟವನ್ನೂ ಸೀನಿಯರ್ ಪಟ್ಟವನ್ನೂ ಗೆದ್ದ. ಅಲ್ಲಿಂದ 1979ರವರೆಗೆ ಒಂಬತ್ತು ವರ್ಷ ಸತತವಾಗಿ ದೇಶಕ್ಕೇ ಚಾಂಪಿಯನ್. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ.

ಈಗಿನ ಮಕ್ಕಳಿಗೆ ಆ ಕಾಲದ ಅಂಕದ ಲೆಕ್ಕ ಗೊತ್ತಿಲ್ಲ. ಅದನ್ನು ಹೇಳದೆ ಮುಂದೆ ಹೋದರೆ ಈ ಕಥೆ ಅರ್ಧವೇ ತಿಳಿಯುತ್ತದೆ.

2006ರಲ್ಲಿ ಶಟಲ್‌ಗೆ ಗೇಮಿಗೆ 21 ಪಾಯಿಂಟಿನ ಲೆಕ್ಕ ಬಂತು. ಸರ್ವೀಸ್ ಯಾರದೇ ಇರಲಿ, ರ್‍ಯಾಲಿ ಗೆದ್ದವರಿಗೆ ಪಾಯಿಂಟ್. ಅದಕ್ಕೆ ಮುಂಚೆ ಗಂಡಸರ ಸಿಂಗಲ್ಸ್ ಗೇಮಿಗೆ 15 ಪಾಯಿಂಟ್ ಇತ್ತು, ಮತ್ತು ಸರ್ವೀಸ್ ಮಾಡುವವನಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಎದುರಾಳಿ ಸರ್ವೀಸ್ ಮಾಡಿದ್ದಾನೆ ಅಂದುಕೊಳ್ಳಿ. ನೀವು ಕೋರ್ಟಿನ ನಾಲ್ಕೂ ಮೂಲೆಗೆ ಓಡಿ, ಬಿದ್ದು, ಎದ್ದು, ಮೂವತ್ತು ಹೊಡೆತದ ರ್‍ಯಾಲಿ ಗೆದ್ದಿರಿ. ನಿಮಗೆ ಸಿಕ್ಕಿದ್ದೇನು? ಪಾಯಿಂಟಲ್ಲ. ಅಂಪೈರ್ ‘ಸರ್ವೀಸ್ ಓವರ್’ ಎನ್ನುತ್ತಾರೆ, ಕಾಕ್ ನಿಮ್ಮ ಕೈಗೆ ಬರುತ್ತದೆ, ಅಷ್ಟೇ. ಈಗ ನೀವು ಸರ್ವೀಸ್ ಮಾಡಿ ಮುಂದಿನ ರ್‍ಯಾಲಿಯನ್ನೂ ಗೆದ್ದರೆ ಒಂದು ಪಾಯಿಂಟ್. ಸೋತರೆ ಕಾಕ್ ಮತ್ತೆ ಆ ಕಡೆ. ಹತ್ತು ನಿಮಿಷ ಇಬ್ಬರೂ ಬೆವರು ಸುರಿಸಿದ ಮೇಲೂ ಬೋರ್ಡಿನಲ್ಲಿ 4-4 ಇದ್ದದ್ದು 4-4 ಆಗಿಯೇ ಇರುತ್ತಿತ್ತು.

ಆ ನಿಯಮದಲ್ಲಿ ಬೆಳೆದ ತಲೆಮಾರು, ಬೋರ್ಡಿನ ಮೇಲೆ ಏನೂ ಬರೆಯದ ರ್‍ಯಾಲಿಗೂ ಪೂರ್ತಿ ಪ್ರಾಣ ಹಾಕಿ ಆಡುವುದನ್ನು ಕಲಿಯಿತು. ನನ್ನ ಜೀವನದಲ್ಲಿ ನಾನು ಕಂಡ ಅತಿ ದೊಡ್ಡ ಪಾಠ ಅದು. ಆಟ ಈಗ ಚುರುಕಾಗಿದೆ, ಟೀವಿಯಲ್ಲಿ ನೋಡಲು ಸೊಗಸಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೂ ಹಳೇ ನಿಯಮ ಹೋದಾಗ ನನಗೆ ಬೇಸರವಾಯಿತು.

1980ರ ಮಾರ್ಚ್. ಲಂಡನ್ನಿನ ವೆಂಬ್ಲಿ ಅರೀನಾ, ಆಲ್ ಇಂಗ್ಲೆಂಡ್ ಫೈನಲ್. ಆಗಿನ ಕಾಲಕ್ಕೆ ಶಟಲ್‌ನಲ್ಲಿ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ. 1899ರಲ್ಲಿ ಶುರುವಾದ ಪಂದ್ಯಾವಳಿ. ಅದರಲ್ಲಿ ಅದುವರೆಗೆ ಗೆದ್ದ ಭಾರತೀಯ ಒಬ್ಬನೂ ಇರಲಿಲ್ಲ; 1947ರಲ್ಲಿ ಪ್ರಕಾಶ್ ನಾಥ್ ಎಂಬವರು ಫೈನಲ್ ತನಕ ಹೋಗಿ ಸೋತಿದ್ದರು. ಪ್ರಕಾಶ್ ಪಡುಕೋಣೆಯವರೋ 1980ರಲ್ಲೇ ಡ್ಯಾನಿಷ್ ಓಪನ್, ಸ್ವೀಡಿಷ್ ಓಪನ್ ಎರಡನ್ನೂ ಗೆದ್ದು ಬಂದಿದ್ದರು. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. 1978, 1979ರ ಚಾಂಪಿಯನ್. ನೆಲ ಬಿಟ್ಟು ಮೇಲಕ್ಕೆ ಹಾರಿ ಹೊಡೆಯುವ ಅವರ ಸ್ಮ್ಯಾಶ್‌ಗೆ ಲೋಕವೆಲ್ಲ ಹೆದರುತ್ತಿತ್ತು.

ಅಂಥವರ ವೇಗಕ್ಕೆ ವೇಗ ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಪ್ರಕಾಶ್ ಆಟವನ್ನು ನಿಧಾನ ಮಾಡಿದರು. ಅಳೆದು ಹಿಂಬದಿ ಮೂಲೆಗೆ ಟಾಸ್. ತೋಳು ಪೂರಾ ಎತ್ತಿ, ಸ್ಮ್ಯಾಶ್ ಬರುತ್ತದೆ ಅನ್ನಿಸಿ, ಕೊನೆಗಳಿಗೆಯಲ್ಲಿ ಮಣಿಕಟ್ಟು ಸಡಿಲಿಸಿ ಅರ್ಧ ಸ್ಮ್ಯಾಶ್. ನೆಟ್ಟಿಗೆ ಉಜ್ಜಿಕೊಂಡು ಬೀಳುವ ಡ್ರಾಪ್. ಕಿಂಗ್ ಹಾರಬೇಕಾದ ಕಡೆ ಕಾಕ್ ಬರಲೇ ಇಲ್ಲ. 15-3, 15-10. ಆ ಹದಿನೈದೂ ಹದಿನೈದೂ ಸರ್ವೀಸ್ ಕೈಯಲ್ಲಿದ್ದಾಗ ಗೆದ್ದ ಪಾಯಿಂಟುಗಳು ಎಂಬುದನ್ನು ನೆನಪಿಟ್ಟು ಆ ಅಂಕಿಗಳನ್ನು ಇನ್ನೊಮ್ಮೆ ಓದಿ.

ನನಗಾಗ ಹದಿನಾಲ್ಕು. ಸುದ್ದಿ ಬಂದ ದಿನ ಸಂಜೆ ನಮ್ಮ ಹಾಲಿನ ಮುಂದೆ ಮೂವತ್ತು ನಲವತ್ತು ಹುಡುಗರು ನಿಂತಿದ್ದೆವು. ಕೆಲವರ ಕೈಯಲ್ಲಿ ಬ್ಯಾಟೇ ಇರಲಿಲ್ಲ, ಹಲಗೆ ತಂದಿದ್ದರು. ಒಳಗೆ ಯಾರದೋ ಆರತಕ್ಷತೆ ನಡೆಯುತ್ತಿತ್ತು. ಯಾರೂ ಮನೆಗೆ ಹೋಗಲಿಲ್ಲ. ರಸ್ತೆಯ ಮೇಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೀದಿದೀಪದ ಕೆಳಗೆ ಆಡಿದೆವು. ಸೈಕಲ್ ಬಂದಾಗಲೆಲ್ಲ ನೆಟ್ ಆಗಿ ಕಟ್ಟಿದ್ದ ಹಗ್ಗ ಎತ್ತಿ ಹಿಡಿಯುತ್ತಿದ್ದೆವು.

ಮುಂದಿನ ವರ್ಷ ಪ್ರಕಾಶ್ ಅದೇ ಫೈನಲ್ ತಲುಪಿದರು. ಎದುರಿಗೆ ಅದೇ ಕಿಂಗ್. ಮೊದಲ ಗೇಮ್ ಗೆದ್ದು, ಉಳಿದೆರಡನ್ನು ಸೋತರು. ಇದನ್ನು ಯಾರೂ ನೆನಪಿಟ್ಟಿಲ್ಲ, ನಾನು ಇಟ್ಟುಕೊಂಡಿದ್ದೇನೆ. ಯಾಕೆಂದರೆ ಆ ಸೋಲಾದ ವರ್ಷವೇ ಅವರು ಕೌಲಾಲಂಪುರದಲ್ಲಿ ಚೀನಾದ ಹಾನ್ ಜಿಯಾನ್ ಅವರನ್ನು ಸೋಲಿಸಿ ವಿಶ್ವಕಪ್ ಗೆದ್ದರು. 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು. ಅಷ್ಟರಲ್ಲಿ ಡೆನ್ಮಾರ್ಕಿಗೆ ಹೋಗಿ ಅಲ್ಲಿನ ಕ್ಲಬ್ಬಿಗೆ ಆಡುತ್ತಿದ್ದರು. ಪಂಚಾಂಗ ನೋಡಬೇಕಿಲ್ಲದ ಕೋರ್ಟುಗಳು ಕೊನೆಗೂ ಸಿಕ್ಕವು.

ಇನ್ನು ನನ್ನ ಕಸುಬಿನ ವಿಷಯ. ನಾನೂ ರಾಜ್ಯದ ಆಯ್ಕೆ ಪಂದ್ಯಗಳಿಗೆ ಮೂರು ವರ್ಷ ಹೋದೆ, ಮೂರು ಸಲವೂ ಮೊದಲ ಸುತ್ತು ದಾಟಲಿಲ್ಲ. 1986ರಲ್ಲಿ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯ ಗಟ್ಟಿಂಗ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ಅಂಗಡಿಯ ಯಜಮಾನರು ಆಗಲೇ ಅರವತ್ತು ದಾಟಿದವರು. ಮರದ ಬ್ಯಾಟುಗಳ ಕಾಲದವರು. ಆ ಬ್ಯಾಟುಗಳು ಸೊಟ್ಟಗಾಗದಂತೆ ಸ್ಕ್ರೂ ಇರುವ ಮರದ ಪ್ರೆಸ್ಸಿನಲ್ಲಿ ಬಿಗಿದಿಡಬೇಕಿತ್ತು. ಪ್ರಾಣಿಯ ಕರುಳಿನಿಂದ ಮಾಡಿದ ಗಟ್ ಮಳೆಗಾಲದ ತೇವಕ್ಕೆ ಹಾಳಾಗುತ್ತಿತ್ತು. ಹಾಲ್ ಖಾಲಿ ಸಿಗುತ್ತಿದ್ದ ಆಷಾಢದಲ್ಲೇ ಗಟ್ ಕೈಕೊಡುತ್ತಿತ್ತು, ನೋಡಿ. ಈಗ ನೈಲಾನ್. ಹೆಸರು ಮಾತ್ರ ಗಟ್ ಅಂತಲೇ ಉಳಿದಿದೆ.

ಒಂದು ಬ್ಯಾಟಿಗೆ ಸುಮಾರು 10 ಮೀಟರ್ ಗಟ್ ಬೇಕು. ಉದ್ದಕ್ಕೆ 22 ಎಳೆ, ಅಡ್ಡಕ್ಕೆ 21 ಅಥವಾ 22. ಉದ್ದದ್ದನ್ನು ಮೊದಲು ನಡುವಿನಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು ಎಳೆಯುತ್ತ ಹೋಗಬೇಕು. ಒಂದೇ ಕಡೆ ಬಿಗಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಆಮೇಲೆ ಅಡ್ಡ. ಒಂದರ ಮೇಲೆ, ಒಂದರ ಕೆಳಗೆ, ಮಗ್ಗದಲ್ಲಿ ನೇದ ಹಾಗೆ. ಒಂದು ಬ್ಯಾಟ್ ಮುಗಿಯುವುದರೊಳಗೆ ಎಳೆ ಎಳೆಯನ್ನು ನಾನೂರಕ್ಕೂ ಹೆಚ್ಚು ಸಲ ದಾಟುತ್ತದೆ. ಒಂದೇ ಒಂದು ಕಡೆ ಮೇಲೆ ಹೋಗಬೇಕಾದದ್ದು ಕೆಳಗೆ ಹೋದರೂ ಸಾಕು, ಬರಿಗಣ್ಣಿಗೆ ಕಾಣುವುದಿಲ್ಲ, ಆಡುವವನಿಗೂ ಮೊದಲ ದಿನ ಗೊತ್ತಾಗುವುದಿಲ್ಲ. ಆದರೆ ಅಲ್ಲಿ ಎಳೆ ಜರುಗುತ್ತದೆ, ಸವೆಯುತ್ತದೆ, ಬೇಗ ತುಂಡಾಗುತ್ತದೆ.

ಯಜಮಾನರು ನಾನು ಮುಗಿಸಿದ ಬ್ಯಾಟನ್ನು ಬಲ್ಬಿನ ಮುಂದೆ ಹಿಡಿಯುತ್ತಿದ್ದರು. ಗೋಡೆಯ ಮೇಲೆ ಚೌಕ ಚೌಕದ ನೆರಳು ಬೀಳುತ್ತಿತ್ತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಟನ್ನು ನನ್ನ ಕೈಗೇ ಕೊಟ್ಟು ‘ಬಿಚ್ಚು’ ಅನ್ನುತ್ತಿದ್ದರು. ಎಲ್ಲಿ ತಪ್ಪಿದೆ ಎಂದು ಹೇಳುತ್ತಿರಲಿಲ್ಲ. ಬಿಚ್ಚುತ್ತ ಬಿಚ್ಚುತ್ತ ನಾನೇ ಕಂಡುಕೊಳ್ಳಬೇಕಿತ್ತು. ಮೊದಲ ಆರು ತಿಂಗಳು ಗಿರಾಕಿಗಳ ಬ್ಯಾಟನ್ನೇ ಮುಟ್ಟಿಸಲಿಲ್ಲ. ಒಂದೇ ಹಳೇ ಬ್ಯಾಟು, ಒಂದೇ ಹಳೇ ಗಟ್ಟು, ಹಾಕು, ಬಿಚ್ಚು, ಹಾಕು. ಬೆರಳ ತುದಿ ಒಡೆದು ಊಟದಲ್ಲಿ ಉಪ್ಪಿನಕಾಯಿ ಮುಟ್ಟಲಾಗುತ್ತಿರಲಿಲ್ಲ. ಗೋಡೆಗೆ ತೂಗುಹಾಕಿರುವುದು ಅದೇ ಬ್ಯಾಟ್. ಅಂಗಡಿ ನನ್ನ ಕೈಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇವತ್ತಿಗೂ ಬಲ್ಬಿಗೆ ಹಿಡಿದು ನೆರಳು ನೋಡದೆ ಒಂದು ಬ್ಯಾಟನ್ನೂ ಹೊರಗೆ ಕೊಟ್ಟಿಲ್ಲ.

ಈಗ ನನ್ನ ಹತ್ತಿರ ಬರುವ ತಂದೆ ತಾಯಿಗಳ ಬಗ್ಗೆ ಒಂದು ಮಾತು. ಮಕ್ಕಳಿಗಾಗಿ ಅವರು ಪಡುವ ಪಾಡು ನನಗೆ ಗೊತ್ತು. ಬೆಳಗಿನ ಐದಕ್ಕೆ ಎದ್ದು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಆದರೆ ಕೋಚಿಂಗಿಗೆ ಸೇರಿಸಿ ಆರು ತಿಂಗಳಾಯಿತು, ಇನ್ನೂ ಒಂದು ಕಪ್ಪೂ ಬಂದಿಲ್ಲ ಎಂದು ಮಗುವಿನ ಎದುರಿಗೇ ಹೇಳುತ್ತಾರೆ. ಮಗು ಬ್ಯಾಟಿನ ಹಿಡಿಕೆಯ ಟೇಪನ್ನು ಉಗುರಿನಲ್ಲಿ ಕೀಳುತ್ತ ನಿಲ್ಲುತ್ತದೆ. ಮೊನ್ನೆ ಒಬ್ಬರು ಒಂಬತ್ತು ವರ್ಷದ ಮಗನ ಬ್ಯಾಟಿಗೆ 28 ಪೌಂಡ್ ಬಿಗಿ ಹಾಕಿ ಎಂದು ಪಟ್ಟು ಹಿಡಿದರು, ದೊಡ್ಡ ಆಟಗಾರರು ಅಷ್ಟು ಹಾಕಿಸುತ್ತಾರಂತೆ. ನಾನು ಒಪ್ಪಲಿಲ್ಲ. ಗಟ್ ಬಿಗಿಯಾದಷ್ಟೂ ಕಾಕ್ ಚಿಮ್ಮುವುದಕ್ಕೆ ತೋಳಿನ ಬಲವೇ ಬೇಕು, ನಡುಮಧ್ಯಕ್ಕೆ ತಗುಲದಿದ್ದರೆ ಹೊಡೆತವೇ ಸತ್ತುಹೋಗುತ್ತದೆ. ಎಳೇ ಕೈಗೆ 20 ಪೌಂಡ್ ಸಾಕು, ಗಟ್ಟೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕೈ ಬಲಿತಂತೆ ಒಂದೊಂದೇ ಪೌಂಡ್ ಏರಿಸೋಣ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಹುಡುಗನ ಮುಖ ಮಾತ್ರ ಅರಳಿತು.

ಕಷ್ಟಪಟ್ಟವರೆಲ್ಲ ಗೆಲ್ಲುತ್ತಾರೆ ಎಂದು ಮಕ್ಕಳಿಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ನನ್ನ ಜೊತೆ ಅಕ್ಷತೆ ಆರಿಸುತ್ತಿದ್ದ ಗೆಳೆಯನೊಬ್ಬ ನಮ್ಮೆಲ್ಲರಿಗಿಂತ ಹೆಚ್ಚು ದುಡಿದವನು. ಮಳೆಯಲ್ಲೂ ಹಗ್ಗದಾಟ, ಮೆಟ್ಟಿಲು ಓಟ ಬಿಟ್ಟವನಲ್ಲ. ಹತ್ತೊಂಬತ್ತಕ್ಕೆ ಮಂಡಿ ಹೋಯಿತು. ಅವನ ದುಡಿಮೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಈಗ ಅವನು ಭಾನುವಾರ ಭಾನುವಾರ ತನ್ನ ಬಡಾವಣೆಯ ಮಕ್ಕಳಿಗೆ ಕಾಕ್ ಎಸೆದು ಕೊಡುತ್ತ ಕೂರುತ್ತಾನೆ, ಕುರ್ಚಿ ಹಾಕಿಕೊಂಡು. ನೂರು ಕಾಕ್ ಎಸೆದರೆ ನೂರೂ ಒಂದೇ ಜಾಗಕ್ಕೆ ಬೀಳುತ್ತವೆ.

ಪ್ರಕಾಶ್ 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜೊತೆ ಅಕಾಡೆಮಿ ಶುರುಮಾಡಿದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ ಮಂಡಿಗೆ ಮೇಲಿಂದ ಮೇಲೆ ಆಪರೇಷನ್ ಆದರೂ ಆಡುತ್ತಲೇ ಹೋಗಿ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಪ್ರಕಾಶರ ಗೆಲುವಿಗೂ ಅದಕ್ಕೂ ನಡುವೆ 21 ವರ್ಷ. ಈ 21 ವರ್ಷದಲ್ಲಿ ಎಷ್ಟು ಜನ ಬೆಳಗಿನ ಕತ್ತಲಲ್ಲಿ ಎದ್ದರು, ಎಷ್ಟು ಹಾಲ್‌ಗಳಲ್ಲಿ ಎಷ್ಟು ಹುಡುಗರು ನೆಲ ಗುಡಿಸಿದರು! ಅವರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಹಳೇ ಲೆಕ್ಕದಲ್ಲಿ ಹೇಳುವುದಾದರೆ ಅವೆಲ್ಲ ‘ಸರ್ವೀಸ್ ಓವರ್’ ರ್‍ಯಾಲಿಗಳು.

ನಿನ್ನೆ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ, ಒಬ್ಬ ಹುಡುಗಿ ಬಂದಳು. ಹನ್ನೊಂದೋ ಹನ್ನೆರಡೋ ವರ್ಷ. ಹೊರಗೆ ಆಷಾಢದ ಜಡಿಮಳೆ. ಬ್ಯಾಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತಾನು ಪೂರಾ ನೆನೆದಿದ್ದಳು. ನಡುವಿನ ಎಳೆ ಕಿತ್ತುಹೋಗಿತ್ತು. ನಾಳೆ ಬೆಳಿಗ್ಗೆ ಮ್ಯಾಚ್ ಅಂಕಲ್ ಎಂದಳು. ಕೂರು ಎಂದೆ. ಅವಳು ಕೂರಲಿಲ್ಲ, ಮೇಜಿನ ಅಂಚಿಗೆ ಗಲ್ಲ ಊರಿ ನನ್ನ ಕೈ ನೋಡುತ್ತ ನಿಂತಳು. ಉದ್ದದ್ದು ಮುಗಿದು ಅಡ್ಡದ್ದಕ್ಕೆ ಬಂದಾಗ ತುಟಿಯಲ್ಲೇ ಎಣಿಸುತ್ತಿದ್ದಾಳೆ ಎಂದು ಗೊತ್ತಾಯಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ. ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ. ಹದಿನೇಳನೆಯ ಎಳೆ ದಾಟಿ ಹದಿನೆಂಟಕ್ಕೆ ಕೈ ಹಾಕಿದ್ದೆ.

ಅಂಕಲ್, ಇಲ್ಲಿ ಎರಡರ ಮೇಲೆ ಹೋಗಿದೆ, ಎಂದು ಬೆರಳಿಟ್ಟು ತೋರಿಸಿದಳು.

ಬಲ್ಬಿಗೆ ಹಿಡಿದು ನೋಡಿದೆ. ಹೌದು. ಬಿಚ್ಚಿದೆ.